ಯಾರಿಗೆ ಚಳಿ

ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷಕ್ಕೆ ಅಮ್ಮ ತನ್ನ ಪ್ರಬಂಧ ಓದಲು ಎದ್ದು ನಿಂತಳು. ಕೊನೆಯ ಬೆಂಚಿನಲ್ಲಿದ್ದ ಮಗಳು ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ಕಚ್ಚತೊಡಗಿದಳು.

"ಥಂಡಿ ಆಂಟಿ ಶುರು ಮಾಡಿದ್ರು, ಸ್ವೆಟರ್ ಹಾಕ್ಕೊಳ್ರೋ," ಎಂದು ಪಕ್ಕದವನು ಪಿಸುಗುಟ್ಟಿದ. ಎಲ್ಲರ ಜೊತೆ ಮಗಳೂ ನಕ್ಕಳು.

ಅಮ್ಮನಿಗೆ ಮೀನಿನ ಶೀತಲಗೃಹದಲ್ಲಿ ಕೆಲಸ. ಪದವಿಯಿಲ್ಲವೆಂದು ಎರಡು ಸಲ ಬಡ್ತಿ ಕೈತಪ್ಪಿದ ಮೇಲೆ, ನಲವತ್ತು ದಾಟಿದವಳು ಹಟ ಹಿಡಿದು ಕಾಲೇಜು ಸೇರಿದ್ದಳು. ಮಗಳದ್ದೂ ಅದೇ ಕಾಲೇಜು, ಅದೇ ಮೊದಲ ವರ್ಷ. ಬರವಣಿಗೆಯ ತರಗತಿಗೆ ಬಂದರೆ ಅದೇ ಕೋಣೆ.

"ಅಲ್ಲಿ ನೀನ್ಯಾರೋ ನಾನ್ಯಾರೋ," ಎಂದು ಮಗಳು ಮೊದಲ ದಿನವೇ ಗೆರೆ ಎಳೆದಿದ್ದಳು. "ಮಾತಾಡಿಸಿದ್ರೆ ಕಾಲೇಜೇ ಬಿಟ್ಬಿಡ್ತೀನಿ."

"ಆಯ್ತು ತಾಯಿ," ಎಂದಿದ್ದಳು ಅಮ್ಮ.

ಮೇಡಂ ಅವರದ್ದೊಂದು ಪದ್ಧತಿಯಿತ್ತು. ಕರಡುಗಳನ್ನು ಹೆಸರಿಲ್ಲದೆ ಹಂಚುತ್ತಿದ್ದರು. ಸಿಕ್ಕವರು ಕೆಂಪು ಪೆನ್ಸಿಲಿನಲ್ಲಿ ತಿದ್ದಬೇಕು. ಬರಹ ಮೇಲಾದರೆ ತಿದ್ದಿದವರಿಗೂ ಹತ್ತು ಅಂಕ. ಬರೆದವರು ಮನೆಯವರೋ ಆಪ್ತರೋ ಆದರೆ ಕಾರಣ ಹೇಳಿ ಹಾಳೆ ಹಿಂತಿರುಗಿಸಬೇಕು, ಬಚ್ಚಿಟ್ಟರೆ ತಿದ್ದಿದವರು ನಪಾಸು. ಹಿಂದಿನ ಪ್ರಬಂಧಗಳಲ್ಲಿ ಮುಗ್ಗರಿಸಿದ್ದ ಮಗಳಿಗೆ ಆ ಹತ್ತು ಅಂಕವಿಲ್ಲದೆ ಗತಿಯಿರಲಿಲ್ಲ.

ಈ ಸಲ ಅವಳ ಕೈಗೆ ಬಂದದ್ದು ಅಮ್ಮನ ಕರಡು. ಅಕ್ಷರ ನೋಡಿದೊಡನೆ ತಿಳಿಯಿತು. ಹಿಂತಿರುಗಿಸಬೇಕೆಂದರೆ ಎಲ್ಲರೆದುರು 'ನಮ್ಮಮ್ಮ' ಎನ್ನಬೇಕು. ಅವಳು ಪೆನ್ಸಿಲ್ ಚೂಪು ಮಾಡಿದಳು. ಶೀತಲಗೃಹದ ಉಷ್ಣತೆ ಅಳೆಯುವ ಕ್ರಮದ ಕುರಿತ ಎರಡು ಪುಟಗಳಿಗೆ ಉದ್ದಕ್ಕೂ ಗೀಟು ಹಾಕಿ, ಕೆಳಗೆ ಬರೆದಳು: 'ಇದು ಗೋಡೆಗೆ ಅಂಟಿಸುವ ಸೂಚನೆ. ಇಲ್ಲಿ ಮನುಷ್ಯರೇ ಇಲ್ಲ. ಯಾರಿಗೆ ಚಳಿಯಾಗುತ್ತಿದೆ?'

ಅಂದು ಸಂಜೆ ಅಮ್ಮ ಹಾಳೆಯನ್ನು ಊಟದ ಮೇಜಿನ ಮೇಲೆ ಬಿಸಾಡಿದಳು. "ಈ ಅಕ್ಷರ ಗುರುತು ಸಿಗಲ್ಲ ಅಂದ್ಕೊಂಡ್ಯಾ? ಕೈ ಹಿಡಿದು ಬರೆಸಿದೋಳು ನಾನು."

"ಹೋಗಿ ಹೇಳು ಮೇಡಂಗೆ."

"ಏನು ಸೊಕ್ಕೇ ನಿಂದು!"

"ಬರೆಯೋಕೆ ಬರದಿದ್ರೆ ನನ್ ಮೇಲೆ ಯಾಕೆ ಹಾರಾಡ್ತೀಯ?"

ಆಮೇಲೆ ಇಬ್ಬರ ನಡುವೆ ಮಾತಿರಲಿಲ್ಲ.

ಈಗ ಅಮ್ಮ ಓದುತ್ತಿದ್ದಳು, ಒಂದೇ ದನಿಯಲ್ಲಿ: "ಬಾಗಿಲ ಬಳಿ ಹಿಡಿದ ಥರ್ಮಾಮೀಟರನ್ನು ನಂಬಬಾರದು. ಒಳಗೆ, ಒತ್ತಾಗಿ ಪೇರಿಸಿದ ಪೆಟ್ಟಿಗೆಗಳ ನಡುವೆ ತೂರಿಸಿ, ಮುಳ್ಳು ನಿಲ್ಲುವವರೆಗೆ ಕಾಯಬೇಕು. ಅಷ್ಟರಲ್ಲಿ ಬೆರಳು ಮರಗಟ್ಟಿರುತ್ತದೆ. ಮನೆಗೆ ಬಂದು ಜಾಕೆಟ್ಟು ಕಳಚಿದರೆ ಮಗಳು ಅದನ್ನು ಎರಡೇ ಬೆರಳಲ್ಲಿ ಎತ್ತಿ ಬಾಲ್ಕನಿಗೆ ಒಯ್ಯುತ್ತಾಳೆ, ಮೂಗು ಆಚೆ ತಿರುಗಿಸಿಕೊಂಡು. ಯಾರಿಗೆ ಚಳಿ ಎಂದು ಕೇಳಿದ್ದೀರಿ. ಶೀತಲಗೃಹದಲ್ಲಿ ನನಗೆ ಯಾವತ್ತೂ ಚಳಿಯಾಗಿಲ್ಲ."

ಯಾರೂ ನಗಲಿಲ್ಲ. ಮಗಳು ತನ್ನ ಎರಡು ಬೆರಳುಗಳನ್ನು ಅಂಗೈಯೊಳಗೆ ಮಡಚಿಕೊಂಡಳು.

"ಮೊದಲು ಬರೆದದ್ದಕ್ಕೂ ಇದಕ್ಕೂ ಅಜಗಜಾಂತರ," ಎಂದರು ಮೇಡಂ. "ಈ ವರ್ಷ ನಾನು ಕೊಡ್ತಿರೋ ಅತಿ ಹೆಚ್ಚಿನ ಅಂಕ ಇದಕ್ಕೆ. ತಿದ್ದಿದ್ದು ಯಾರು?"

ಮಗಳ ಕೈ ಮೆಲ್ಲನೆ ಮೇಲಕ್ಕೆ ಹೋಯಿತು. ಮೇಡಂ ಅವಳನ್ನೊಮ್ಮೆ, ಅಮ್ಮನನ್ನೊಮ್ಮೆ ನೋಡಿದರು. ಇಬ್ಬರದ್ದೂ ಒಂದೇ ಮೂಗು.

"ಈ ಹುಡುಗಿ ನಿಮಗೆ ಗೊತ್ತಾ?"

ಆ ಕೋಣೆಯಲ್ಲಿ ಅಮ್ಮ ಮೊದಲ ಸಲ ಹಿಂದಕ್ಕೆ ತಿರುಗಿದಳು. ಕೆಟ್ಟ ಸರಕಿನ ಪೆಟ್ಟಿಗೆ ತಪಾಸಣೆ ಮಾಡುವವಳಂತೆ ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಇಲ್ಲ ಮೇಡಂ. ಯಾರೋ ಏನೋ."

ಮೇಡಂ ಮಗಳ ಹೆಸರಿನ ಮುಂದೆ ಹತ್ತು ಅಂಕ ಬರೆದುಕೊಂಡರು.

ಸಂಜೆ ಅಮ್ಮ ಪಾಳಿ ಮುಗಿಸಿ ಬಂದಾಗ ಮಗಳು ಜಾಕೆಟ್ಟಿಗೆ ಎರಡೂ ಕೈ ಚಾಚಿದಳು.

"ಬಿಡು, ವಾಸನೆ," ಎಂದ ಅಮ್ಮ ತಾನೇ ಬಾಲ್ಕನಿಗೆ ಹೋಗಿ ಅದನ್ನು ತೂಗುಹಾಕಿ ಬಂದಳು. ಆಮೇಲೆ ಎಂದಿನಂತೆ ಚೀಲದಿಂದ ಥರ್ಮಾಮೀಟರ್ ತೆಗೆದು, ಫ್ರಿಜ್ಜಿನೊಳಗೆ ಹಾಲಿನ ಪಾತ್ರೆಯ ಹಿಂದೆ ತೂರಿಸಿ, ಮಗಳಿಗೆ ಬೆನ್ನು ಹಾಕಿ ನಿಂತಳು. ಮಗಳು ಅಡುಗೆಮನೆಯ ಹೊಸ್ತಿಲವರೆಗೆ ಬಂದಳು.

"ಎಷ್ಟಿದೆ?"

ಅಮ್ಮ ತಿರುಗಲಿಲ್ಲ. ಮುಳ್ಳು ನಿಲ್ಲುವವರೆಗೆ ಕಾದಳು.

ನಾಲ್ಕು ಡಿಗ್ರಿ ಇತ್ತು, ಏನೂ ಕೆಡದಷ್ಟು.