ಹಾರ ಹಾಕಲಾಗದ ಪಟ

ಬಸವಯ್ಯನವರನ್ನು ನನ್ನ ಕೋಣೆಗೆ ಕಳಿಸಿದವನು ಕೆಳಗಿನ ಫ್ಲೆಕ್ಸ್ ಅಂಗಡಿಯ ನಜೀರ್. ಅದು ರಾಮನಗರ ಜಿಲ್ಲೆಯಾದ ವರ್ಷ. ಊರಿನ ಬೋರ್ಡುಗಳನ್ನೆಲ್ಲ ಬದಲಿಸಬೇಕಿತ್ತು, ಆ ಕೆಲಸವೆಲ್ಲ ಕುಂಚ ಹಿಡಿದ ನಮ್ಮಂಥವರ ಕೈತಪ್ಪಿ ಫ್ಲೆಕ್ಸಿನ ಪಾಲಾಯಿತು. ನಾನು ಹಗಲು ಬಿಡದಿಯ ಒಂದು ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿದು, ಸಂಜೆ ಬಂದು ಕುಂಚ ಹಿಡಿಯುತ್ತಿದ್ದೆ. ನಜೀರನ ಮೇಲೆ ನನಗೆ ಕೋಪವಿರಲಿಲ್ಲ. ಕಂಪ್ಯೂಟರಿಗೆ ಆಗದ ಮುಖಗಳನ್ನು ಅವನೇ ಮೇಲಕ್ಕೆ ಕಳಿಸುತ್ತಿದ್ದ. ಹಾಗೆ ಬಂದವುಗಳಲ್ಲಿ ಹೆಚ್ಚಿನವು ಸೈನ್ಯದಲ್ಲಿ ತೀರಿಹೋದ ಹುಡುಗರವು.

"ಲತಕ್ಕಾ," ಎಂದು ಅವತ್ತು ಭಾನುವಾರ ಮೆಟ್ಟಿಲ ಬುಡದಿಂದಲೇ ಕೂಗಿದ. "ಈ ಫೋಟೋ ನಾನು ದೊಡ್ಡದು ಮಾಡಿದ್ರೆ ಬರೀ ಚೌಕ ಚೌಕ ಬರ್ತೈತೆ, ಮಖ ಬರಲ್ಲ. ಮಿಲಿಟರಿ ಹುಡ್ಗ. ನೀವೇ ನೋಡಿ."

ಬಸವಯ್ಯನವರು ಮಾಗಡಿ ತಾಲೂಕಿನವರು, ತಿಪ್ಪಸಂದ್ರದ ಹತ್ತಿರದ ಒಂದು ಹಟ್ಟಿ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಚೀಲದಲ್ಲಿ ಎರಡು ಫೋಟೋ ಇದ್ದವು. ಒಂದು ಮಗ ಕನಕರಾಜು ಸೈನ್ಯಕ್ಕೆ ಸೇರುವಾಗ ತೆಗೆಸಿದ ಪಾಸ್‌ಪೋರ್ಟ್ ಸೈಜಿನದು. ಮೀಸೆಯೂ ಸರಿಯಾಗಿ ಬಂದಿರದ ಹುಡುಗ. ಇನ್ನೊಂದು ಹಿಮದಲ್ಲಿ ನಿಂತ ಸೈನಿಕರ ಗುಂಪು. ಅವನು ತೀರಿಕೊಂಡ ಮೇಲೆ ಜೊತೆಯವರು ಕಳಿಸಿಕೊಟ್ಟದ್ದಂತೆ.

"ಇದರಲ್ಲಿ ನಿಮ್ಮ ಮಗ ಯಾರು?" ಎಂದೆ.

ಅವರು ಬೆರಳಿಟ್ಟರು. ಬೆರಳಿನಡಿ ಮುಖವೇ ಮುಚ್ಚಿಹೋಯಿತು. ಬೆರಳು ತೆಗೆದ ಮೇಲೆ ನೋಡಿದರೆ ಹುಬ್ಬಿನವರೆಗೆ ಉಣ್ಣೆಯ ಟೋಪಿ, ಅದರ ಕೆಳಗೆ ಕಪ್ಪು ಕನ್ನಡಕ. ಬಾಯಿ, ಗದ್ದ ಅಷ್ಟೇ ಕಾಣುತ್ತಿತ್ತು.

"ಬೇರೆ ಯಾವುದೂ ಇಲ್ವಾ? ರಜಕ್ಕೆ ಬಂದಾಗ ತೆಗೆಸಿದ್ದು?"

"ರಜಕ್ ಬಂದಾಗ ಪಟ ಯಾರವ್ವ ತೆಗೆಸ್ತಾರೆ? ಎದುರ್ಗೇ ಇದ್ನಲ್ಲ."

ಚೀಲವನ್ನು ಮಡಚುತ್ತ ತಾವೇ ಮುಂದುವರಿಸಿದರು. "ಮಿಲಿಟರಿಯೋರು ಅವ್ನ ಪೆಟ್ಟಿಗೆ ತೆಗೀಬ್ಯಾಡಿ ಅಂದ್ರು. ತೆಗೀಲಿಲ್ಲ. ಹೋದ್ ವರ್ಸ ಪಿತೃಪಕ್ಷದಲ್ಲಿ ಅವರವ್ವ ಬರೀ ಗೋಡೆಗೆ ಎಡೆ ಇಕ್ಕುದ್ಲು. ಇಕ್ಕಿ, ತಾನು ಉಣ್ಣದೆ ಎದ್ದೋದ್ಲು. ಈ ಸಲ ಮಗನ್ ಮಖ ಇಲ್ದಿದ್ರೆ ಎಡೆನೇ ಇಕ್ಕಾಕಿಲ್ಲ ಅಂತವ್ಳೆ. ಅಮಾಸೆ ಒಳಗೆ ಆಯ್ತದಾ?"

ಚಿಕ್ಕ ಫೋಟೋ ನೋಡಿ ಬರೆದುಕೊಡಲೇ ಎಂದು ಕೇಳಿದೆ. ಅವರು ಬೇಡವೆಂದು ತಲೆಯಾಡಿಸಿದರು. "ಅದು ಹುಡ್ಗಾಗಿದ್ದಾಗ. ಸಾಯೋವಾಗ ಅವ್ನು ಗಂಡಸು. ಹೆಂಗಿದ್ನೋ ಹಂಗೆ ಬರೀಬೇಕು."

ಹೇಗಿದ್ದ ಎಂದು ಕೇಳಿದೆ. ಒಳ್ಳೆಯವನು ಎಂದರು, ಕುರಿಮರಿ ಕಂಡರೆ ಎತ್ತಿಕೊಳ್ಳದೆ ಬಿಡುತ್ತಿರಲಿಲ್ಲ ಎಂದರು. ಮುಖ ಹೇಗಿತ್ತು ಎಂದು ಕೇಳಿದರೆ ಎಲ್ಲ ಮನೆಯವರೂ ಹೇಳುವುದು ಗುಣವನ್ನೇ. ಕೊನೆಗೆ, "ನಿಮ್ಮನ್ನೇನಾದ್ರೂ ಹೋಲ್ತಿದ್ನಾ?" ಎಂದೆ. ಅವರ ಬೆನ್ನು ನೆಟ್ಟಗಾಯಿತು.

"ಊರೆಲ್ಲ ಹಂಗೇ ಅನ್ನೋರು. ಹಿಂದ್ಲಿಂದ ನೋಡ್ದೋರು ನನ್ನೇ ಕನಕ ಅಂತ ಕೂಗೋರು."

ಹಾಗೆ ಅವರನ್ನೇ ಕಿಟಕಿಯ ಬೆಳಕಿಗೆ ಸ್ಟೂಲಿನ ಮೇಲೆ ಕೂರಿಸಿದೆ. ಸರಿಯೋ ತಪ್ಪೋ ತಿಳಿದಿರಲಿಲ್ಲ. ಕಾಣದ್ದನ್ನು ಬರೆಯಬೇಡಿ ಎಂದು ನಾನು ಚಿತ್ರ ಕಲಿತ ಸಂಜೆ ತರಗತಿಯಲ್ಲಿ ಮೇಷ್ಟ್ರು ಹೇಳಿಕೊಟ್ಟಿದ್ದರು. ಕಾಣುವುದು ಏನೂ ಇಲ್ಲದಿದ್ದರೆ ಏನು ಮಾಡಬೇಕೆಂದು ನಾನು ಕೇಳಿರಲಿಲ್ಲ.

ಅಲ್ಲಿಂದ ಮುಂದೆ ಅವರು ಭಾನುವಾರಗಳಲ್ಲಿ ಬಂದರು, ಗಡ್ಡ ಬೋಳಿಸಿಕೊಂಡು, ಒಗೆದ ಅಂಗಿ ಹಾಕಿಕೊಂಡು. ಅಲುಗಾಡಬೇಡಿ ಎಂದರೆ ನಗುತ್ತಿದ್ದರು. "ಕುರಿ ಕಾದೋನಿಗೆ ಕುಂತಿರಾದ ಹೇಳ್ಕೊಡ್ತಿಯೇನವ್ವ? ನಮ್ ಬೀಳೆಲ್ಲ ಫ್ಯಾಕ್ಟ್ರಿಯೋರು ತಂತಿ ಹಾಕ್ಕಂಡವ್ರೆ. ಕುರಿ ಮಾರ್ಬುಟ್ಟೆ. ಈಗ ಕೂರಾದೇ ಕೆಲ್ಸ."

ಫೋಟೋಗಳ ಮೇಲೆ ಪೆನ್ಸಿಲಿನಲ್ಲಿ ಸಣ್ಣ ಚೌಕ, ಹಲಗೆಯ ಮೇಲೆ ದೊಡ್ಡ ಚೌಕ ಹಾಕಿಕೊಂಡೆ. ಕಣ್ಣು ಹುಬ್ಬು ಹುಡುಗನ ಫೋಟೋದಿಂದ ಬಂದವು, ಬಾಯಿ ಗುಂಪಿನ ಫೋಟೋದಿಂದ. ಕೆನ್ನೆಯ ಮೂಳೆ, ದವಡೆ, ಕತ್ತು ಅಪ್ಪನವು. ಅಪ್ಪನ ಮುಖದಲ್ಲಿ ವಯಸ್ಸು ಕಳೆಯುತ್ತ, ಮಗನ ಮುಖಕ್ಕೆ ವಯಸ್ಸು ಕೂಡಿಸುತ್ತ ಬಂದೆ. ಎರಡೂ ಒಂದು ಕಡೆ ಸೇರಿದಂತೆ ಕಂಡಾಗ ಕುಂಚ ಕೆಳಗಿಟ್ಟೆ. ಬಸವಯ್ಯನವರು ಸ್ಟೂಲಿನಿಂದ ಇಳಿದು ಬಂದು ನೋಡಿ, ಕಂಬಳಿಯ ತುದಿಯಿಂದ ಬಾಯಿ ಮುಚ್ಚಿಕೊಂಡರು.

ಪಟ ಬರೆಯುವಷ್ಟು ದಿನ ನನ್ನ ಕೋಣೆಯಲ್ಲಿ ಇನ್ನೊಬ್ಬರು ಇದ್ದಂತಿರುತ್ತಿತ್ತು. ಅಮ್ಮ ತೀರಿಹೋದ ಮೇಲೆ ಆ ಕೋಣೆಯಲ್ಲಿ ನಾನೊಬ್ಬಳೇ. ತಟ್ಟೆಗೆ ಮುದ್ದೆ ಹಾಕಿಕೊಂಡು ಪಟದ ಎದುರು ಕೂರುತ್ತಿದ್ದೆ. ಪಟ ಅದರ ಮನೆ ಸೇರಿದ ಮೇಲೆ ಗೋಡೆಯಲ್ಲಿ ಮೊಳೆ ಉಳಿಯುತ್ತಿತ್ತು.

ಕನಕರಾಜುವನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಮಾಗಡಿಯ ಬಸ್ಸು ಹತ್ತಿದೆ. ಅಮಾವಾಸ್ಯೆಗೆ ಇನ್ನೂ ಒಂದು ವಾರವಿತ್ತು. ಬಸವಯ್ಯನವರ ಹೆಂಡತಿ ದಾಸಮ್ಮ ಆಗಲೇ ಗೋಡೆಗೆ ಸುಣ್ಣ ಬಳಿದು, ಮೊಳೆ ಹೊಡೆಸಿಟ್ಟಿದ್ದರು. ಸೀರೆ ಬಿಚ್ಚಿದೆ. ಅವರು ಬಗ್ಗಿ ನೋಡಿದರು. ಮೊದಲು ಮುಖ ಅರಳಿತು. ಆಮೇಲೆ ಮುಂದೆ ಬಂದ ಕೈ ಹಾಗೇ ಹಿಂದಕ್ಕೆ ಹೋಯಿತು.

"ಇದು ನಮ್ ಮನೆಯೋರು ಕಣವ್ವ," ಎಂದರು. "ಲಗ್ನಾಗಿ ಬಂದಾಗ ಹಿಂಗೇ ಇದ್ರು."

"ಏ, ಕನಕ ಕಣಮ್ಮಿ. ಸರ್ಯಾಗ್ ನೋಡು," ಎಂದರು ಬಸವಯ್ಯ.

"ನಂಗ್ ಹೇಳ್ಕೊಡ್ತಿಯಾ? ನಿನ್ ಮಖ ನಾನ್ ನೋಡಿಲ್ವಾ? ಬದುಕಿರೋನ ಮಖಕ್ಕೆ ಹೂವ ಹಾಕಿ ಎಡೆ ಇಕ್ಕು ಅಂತಿಯಲ್ಲ. ಒಬ್ಬುನ್ನ ಕಳ್ಕಂಡಿದ್ದು ಸಾಲ್ದಾ ನಂಗೆ?"

ಬಸವಯ್ಯನವರು ಸೀರೆಯನ್ನು ಮತ್ತೆ ಪಟದ ಮೇಲೆ ಎಳೆದರು. ಇಷ್ಟು ದಿನ ಇದು ನನಗೇಕೆ ಹೊಳೆಯಲಿಲ್ಲ? ದಾಸಮ್ಮ ನನ್ನನ್ನು ಬೈಯಲಿಲ್ಲ, ಒಳಗೆ ಹೋಗಿ ಕಾಫಿ ಮಾಡಿಕೊಂಡು ಬಂದರು. "ಅವನ ಮುಖ ಹೇಗಿತ್ತಮ್ಮ? ಹೇಳಿ, ತಿದ್ತೀನಿ," ಎಂದೆ.

"ಹೆಂಗಿತ್ತು ಅಂದ್ರೆ…" ಎಂದು ಅವರು ಕೈ ಮುಂದೆ ಚಾಚಿದರು, ಯಾರದೋ ಗದ್ದ ಹಿಡಿದಂತೆ. ಆ ಕೈ ಅವರ ಸೊಂಟದ ಎತ್ತರಕ್ಕೆ ನಿಂತಿತ್ತು.

ಪಟವನ್ನು ವಾಪಸ್ ತಂದೆ. ತಿದ್ದೋಣವೆಂದು ಚೂರಿ ಹಿಡಿದು ಎದುರು ನಿಂತರೆ ಎಲ್ಲಿ ಕೆರೆಯಬೇಕೆಂದೇ ತಿಳಿಯಲಿಲ್ಲ. ಅಪ್ಪನನ್ನು ತೆಗೆದರೆ ಅಲ್ಲಿ ಮಗನೂ ಉಳಿಯುತ್ತಿರಲಿಲ್ಲ. ಅದನ್ನು ಗೋಡೆಗೆ ಮುಖ ಮಾಡಿಟ್ಟು, ಬೇರೆ ಹಲಗೆ ತೆಗೆದುಕೊಂಡೆ. ಗಾರ್ಮೆಂಟ್ಸ್‌ನಲ್ಲಿ ರಜೆ ಕೇಳಿದ್ದಕ್ಕೆ ಸೂಪರ್‌ವೈಸರ್, "ನಿಮ್ಮ ಮನೇಲಿ ಯಾರು ಸತ್ರು?" ಎಂದ. ನಮ್ಮ ಮನೆಯಲ್ಲಿ ಯಾರೂ ಇಲ್ಲ ಎಂದೆ. ಏನು ಅರ್ಥವಾಯಿತೋ, ರಜೆ ಕೊಟ್ಟ.

ಈ ಸಲ ಚಿಕ್ಕ ಫೋಟೋದಲ್ಲಿ ಕಂಡಷ್ಟನ್ನೇ ಬರೆದೆ. ಅಮಾವಾಸ್ಯೆಯ ಬೆಳಿಗ್ಗೆ ಒಯ್ದು ಕೊಟ್ಟಾಗ ದಾಸಮ್ಮ ಸೆರಗಿನಿಂದ ಪಟ ಒರೆಸಿದರು. ಮೊಳೆಗೆ ನೇತುಹಾಕಿ, ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕಿ, "ಬಂದ್ಯಾ, ಮಗ," ಎಂದರು. ಬಾಳೆ ಎಲೆಯ ತುಂಬ ಬಡಿಸಿದರು. ಮುದ್ದೆ, ಮರಿಯ ಮಾಂಸದ ಸಾರು, ವಡೆ, ಕಜ್ಜಾಯ. ಬಸವಯ್ಯನವರು ಒಳಗಿನಿಂದ ರಮ್ಮಿನ ಚಿಕ್ಕ ಬಾಟಲಿ ತಂದು ಎಲೆಯ ಪಕ್ಕ ಇಟ್ಟರು.

"ಥೂ ನಿನ್ನ! ಮೀಸೆ ಬರ್ದಿರೋ ಹುಡ್ಗನ ಮುಂದೆ ಎಣ್ಣೆ ಇಕ್ತಿಯಲ್ಲ!"

"ರಜಕ್ ಬಂದಾಗ ಅವ್ನೇ ತಂದು ನನ್ ಜೊತೆ ಕುಂತ್ಕತಿದ್ನಲ್ಲಮ್ಮಿ."

"ಅದು ಯಾವಾಗ್ಲೋ. ತಗಿ ಅತ್ಲಾಗೆ."

ಬಸವಯ್ಯನವರು ಪಟವನ್ನು ನೋಡಿದರು. ಹುಡುಗ ನೇರವಾಗಿ ನೋಡುತ್ತಿದ್ದ, ಅಪರಿಚಿತರನ್ನು ನೋಡುವ ಹಾಗೆ. ಬಾಟಲಿಯನ್ನು ತೆಗೆದುಕೊಂಡು ಹೋಗಿ ಎಲ್ಲಿಟ್ಟರೋ ಕಾಣಲಿಲ್ಲ. ಊಟಕ್ಕೆ ಕೂತಾಗ ದಾಸಮ್ಮ ಎರಡು ಸಲ ಸಾರು ಹಾಕಿಕೊಂಡು ಉಂಡರು. "ಎರಡು ವರ್ಸದಲ್ಲಿ ಇವತ್ತೇ ಸಾರಿನ ರುಚಿ ಗೊತ್ತಾಗಿದ್ದು," ಎಂದು ನನ್ನ ಎಲೆಗೂ ಬಡಿಸಿದರು. ಬಸವಯ್ಯನವರ ಎಲೆಯಲ್ಲಿ ಮುದ್ದೆ ಹಾಗೇ ಇತ್ತು.

ಬಸ್ ಸ್ಟಾಪಿನವರೆಗೂ ಅವರು ಜೊತೆಗೆ ಬಂದರು. ದಾರಿಯುದ್ದಕ್ಕೂ ಏನನ್ನೋ ಕೇಳುವವರಂತಿದ್ದು ಕೇಳಲಿಲ್ಲ.

ದೀಪಾವಳಿ ಕಳೆದು ಒಂದು ಭಾನುವಾರ ಮೆಟ್ಟಿಲ ಮೇಲೆ ಕೆಮ್ಮು ಕೇಳಿಸಿತು. ಬಸವಯ್ಯನವರು ಬಾಗಿಲಲ್ಲಿ ನಿಂತಿದ್ದರು, ಗಡ್ಡ ಬೋಳಿಸಿಕೊಂಡಿದ್ದರು.

"ಅದು ಐತಾ?" ಎಂದರು. "ಅಳಿಸಾಕ್ಬುಟ್ಯಾ?"

ಗೋಡೆಯ ಕಡೆಗಿದ್ದ ಹಲಗೆಯನ್ನು ತಿರುಗಿಸಿಟ್ಟೆ. ಅವರು ಸ್ಟೂಲು ಎಳೆದುಕೊಂಡು ಕೂತು ನೋಡಿದರು. ನಾನು ಟೀ ಕಾಯಿಸಿ ತಂದರೂ ನೋಡುತ್ತಲೇ ಇದ್ದರು.

"ಮನೇಗ್ ತಗೊಂಡೋಗಕ್ಕಾಗಲ್ಲ. ಅವ್ಳು ಹೆದ್ರುಕತಾಳೆ. ಹಾರ ಹಾಕಂಗಿಲ್ಲ, ಹಾಕ್ದಲೆ ಇಕ್ಕಂಗೂ ಇಲ್ಲ. ಇಲ್ಲೇ ಇದ್ರೆ ನಿಂಗೇನಾರ ತೊಂದ್ರೆನಾ?"

"ಇಲ್ಲ, ಇರಲಿ. ನೀವು ಬಂದಾಗೆಲ್ಲ ನೋಡಬಹುದು."

"ನೋಡಾದಲ್ಲ ಕಣವ್ವ." ಅವರು ಲೋಟವನ್ನು ನೆಲಕ್ಕಿಟ್ಟರು. "ಅಲ್ಲಿ ಅವ್ಳ ಹುಡ್ಗ ಹಂಗೇ ಇರ್ತಾನೆ. ಇವ್ನಿಗೆ ಇನ್ನೊಂದ್ ವರ್ಸ ತುಂಬ್ತು. ವರ್ಸಕ್ಕೊಂದ್ಸಲ ಒಸಿ ಒಸಿ ವಯಸ್ಸು ಹಾಕಕ್ಕಾಯ್ತದಾ?"

ಇಂಥದ್ದನ್ನು ಯಾರೂ ಕೇಳಿರಲಿಲ್ಲ. ದಾಸಮ್ಮನ ಹಿಂದಕ್ಕೆ ಹೋದ ಕೈ ನೆನಪಾಯಿತು. ಒಮ್ಮೆ ತಪ್ಪು ಮಾಡಿದ್ದೆ, ಇದು ಅದಕ್ಕಿಂತ ದೊಡ್ಡ ತಪ್ಪಾಗಿದ್ದರೆ?

"ಹಾಕ್ತಾ ಹೋದ್ರೆ ನಿಮ್ಮ ಹಾಗೇ ಆಗ್ಬಿಡ್ತಾನೆ," ಎಂದೆ.

"ನನ್ ಮಗ ಅಲ್ವಾ? ಇನ್ಯಾರಂಗಾಗ್ಬೇಕು?"

ಕಿಟಕಿಯ ಬೆಳಕು ಅವರ ಬಲಗೆನ್ನೆಯ ಮೇಲಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಎದುರಿನ ಕಟ್ಟಡದ ಹಿಂದಕ್ಕೆ ಹೋಗುತ್ತದೆ. ನಾನು ಬಣ್ಣ ಕಲಸುವ ತಟ್ಟೆ ತೆಗೆದುಕೊಂಡೆ.

"ಒಸಿ ಈ ಕಡೆ ತಿರುಗಿ," ಎಂದೆ.

ಅವರು ತಿರುಗಿದರು. ಅವರ ಕಣ್ಣಿನ ಪಕ್ಕದ ಗೆರೆಗಳಲ್ಲಿ ಎಲ್ಲಕ್ಕಿಂತ ಮೊದಲು ಮೂಡಿದ್ದು ಯಾವುದಿರಬಹುದೆಂದು ಹುಡುಕತೊಡಗಿದೆ.