ಒಳಗೆ ಕಾಲಿಡದ ಮನೆ

ಪ್ರಭುಸ್ವಾಮಿ ಮೇಷ್ಟ್ರ ಫೋನು ಬಂದಾಗ ಚೆಲುವರಾಜು ಕುರ್ಚಿಯಿಂದ ಎದ್ದು ನಿಂತೇ ಮಾತಾಡಿದ. ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿದವರು. ಹತ್ತನೇ ತರಗತಿಯ ವರ್ಷ ಪೂರ್ತಿ ಅವನನ್ನು ತಮ್ಮ ಮನೆಯಲ್ಲೇ ಕೂರಿಸಿಕೊಂಡು ಪಾಠ ಹೇಳಿ, ಒಂದು ಪೈಸೆ ಮುಟ್ಟಿರಲಿಲ್ಲ. ಅವನು ಇಂಜಿನಿಯರಾಗಿದ್ದೂ, ಈಗ ಜಯಲಕ್ಷ್ಮಿಪುರಂನಲ್ಲಿ ಆಫೀಸು ಇಟ್ಟುಕೊಂಡು ಮನೆ, ನಿವೇಶನಗಳಿಗೆ ಬೆಲೆ ಕಟ್ಟಿ ವರದಿ ಕೊಡುತ್ತಿದ್ದುದೂ ಆ ಪಾಠದ ಬಲದಿಂದಲೇ.

ಮೇಷ್ಟ್ರ ಕೆಲಸ ಚಿಕ್ಕದು. ಹಿನಕಲ್‌ನ ತಮ್ಮ ಮನೆಯ ಮೇಲೆ ಮಹಡಿ ಕಟ್ಟಲು ಬ್ಯಾಂಕಿನ ಸಾಲ ಕೇಳಿದ್ದರು. ಅದಕ್ಕೆ ಮನೆಯ ಬೆಲೆಯ ವರದಿ ಬೇಕಿತ್ತು. ಐದು ಸಾವಿರ ಎಂದು ಮಾತಾಯಿತು. ಚೆಲುವರಾಜು ಹೋಗಿ ಅಳತೆ ತೆಗೆದು, ಫೋಟೋ ಹಿಡಿದು, ಕಾಫಿ ಕುಡಿದು ಬಂದ.

ನಾಲ್ಕು ದಿನ ಬಿಟ್ಟು ಮೇಷ್ಟ್ರು ಮತ್ತೆ ಫೋನು ಮಾಡಿದರು.

“ಚೆಲುವ, ಒಂದು ಸಣ್ಣ ಬದಲಾವಣೆ ಕಣಪ್ಪ. ಹಿಂದುಗಡೆ ನಮ್ಮ ತಂಗಿ ಪುಟ್ಟಲಿಂಗಮ್ಮನ ಭಾಗ ಇದೆಯಲ್ಲ, ಅದನ್ನ ನಾನೇ ತಗೊಳ್ತಾ ಇದ್ದೀನಿ. ಅವಳಿಗೆ ಒಂಟಿಕೊಪ್ಪಲ್‌ನಲ್ಲಿ ಟೈಲರಿಂಗ್ ಅಂಗಡಿ ಹಾಕೋಕೆ ದುಡ್ಡು ಬೇಕಂತೆ. ನೀನು ಬರೆಯೋ ಬೆಲೆಗೇ ಕೊಡೋದು ಅಂತ ಇಬ್ರೂ ಒಪ್ಪಿದ್ದೀವಿ. ಹೆಂಗೂ ಬಂದು ನೋಡಿದ್ದೀಯಲ್ಲ, ಅದನ್ನೂ ಸೇರಿಸ್ಬುಡು.”

ಅದು ಸಣ್ಣ ಬದಲಾವಣೆಯಾಗಿರಲಿಲ್ಲ. ಇನ್ನೊಂದು ಕಟ್ಟಡ, ಇನ್ನೊಬ್ಬರ ಪತ್ರಗಳು, ಸಾಲಕ್ಕಲ್ಲದೆ ಮಾರಾಟಕ್ಕೆ ಬೇಕಾದ ಬೆಲೆ. ಬೇರೆ ಯಾರೇ ಆಗಿದ್ದರೂ ಚೆಲುವರಾಜು, “ಇದು ಹೊಸ ಕೆಲಸ, ಇನ್ನೂ ಹನ್ನೆರಡು ಸಾವಿರ ಆಗುತ್ತೆ, ಒಂದು ವಾರ ಬೇಕು” ಎನ್ನುತ್ತಿದ್ದ. ಮೇಷ್ಟ್ರಿಗೆ ಹಾಗೆನ್ನಲಿಲ್ಲ.

“ಆಯ್ತು ಮೇಷ್ಟ್ರೇ,” ಎಂದ.

ಫೋನು ಇಟ್ಟ ಮೇಲೆ ಸಿಟ್ಟು ಬಂತು. ಮೇಷ್ಟ್ರ ಮೇಲೋ ತನ್ನ ಮೇಲೋ ತಿಳಿಯದಂಥ ಸಿಟ್ಟು. ಆ ವಾರ ಬೇರೆ ಮೂರು ವರದಿಗಳು ಬಾಕಿ ಇದ್ದವು. ದುಡ್ಡು ಬಾರದ ಕೆಲಸಕ್ಕೆ ಮತ್ತೆ ಹಿನಕಲ್‌ವರೆಗೆ ಹೋಗಲು ಮನಸ್ಸಾಗಲಿಲ್ಲ. ಮೊದಲ ಸಲ ಹೋದಾಗ ಹಿತ್ತಲ ಗೋಡೆಯ ಆಚೆ ತಗಡಿನ ಚಾವಣಿ ಕಂಡಿತ್ತು. ಅದನ್ನೇ ನೆನಪಿಗೆ ತಂದುಕೊಂಡು, ‘ತಗಡಿನ ಶೆಡ್ಡು, ಕಟ್ಟಡದ ಬೆಲೆ ಒಂದು ಲಕ್ಷ ಅರವತ್ತು ಸಾವಿರ’ ಎಂದು ಬರೆದ. ‘ಸ್ಥಳಕ್ಕೆ ಭೇಟಿ ನೀಡಿ ಪರಿಶೀಲಿಸಲಾಗಿದೆ’ ಎಂಬ ಸಾಲು ಪ್ರತಿ ವರದಿಯಲ್ಲೂ ಇರುವಂಥದ್ದು, ಇದರಲ್ಲೂ ಇತ್ತು. ಅದರ ಕೆಳಗೆ ಸಹಿ ಮಾಡಿ ಸೀಲು ಒತ್ತಿದ.

ಹತ್ತು ದಿನದ ಮೇಲೆ ಪುಟ್ಟಲಿಂಗಮ್ಮ ಆಫೀಸಿಗೆ ಬಂದರು. ಐವತ್ತೈದು ದಾಟಿದ ಹೆಂಗಸು. ಸೆರಗಿನ ಅಂಚಿಗೆ ಎರಡು ಗುಂಡುಪಿನ್ನು ಸಿಕ್ಕಿಸಿಕೊಂಡಿದ್ದರು. ವರದಿಯ ಜೆರಾಕ್ಸನ್ನು ಮೇಜಿನ ಮೇಲಿಟ್ಟು, ತಪ್ಪು ತಮ್ಮದೇ ಎನ್ನುವಂತೆ ಮೆಲ್ಲಗೆ ಕೇಳಿದರು.

“ಸಾರ್, ನಂಗೆ ಇದೆಲ್ಲ ಗೊತ್ತಾಗಲ್ಲ. ಶೆಡ್ಡು ಅಂತ ಬರೆದಿದ್ದೀರಂತೆ. ಸೋರ್ತದೆ ಅಂತ ತಾರಸಿ ಮೇಲೆ ತಗಡು ಹೊದಿಸಿದ್ದೀನಿ, ಅಷ್ಟೇಯ. ಕೆಳಗೆ ಎರಡು ರೂಮು, ಅಡಿಗೆಮನೆ, ಎಲ್ಲಾ ಕಾಂಕ್ರೀಟು ಮೋಲ್ಡು. ಇಪ್ಪತ್ತು ವರ್ಸ ಬ್ಲೌಸು ಒಲ್ದು ಕಟ್ಟಿದ್ದು. ನೀವು ಬಂದಾಗ ನಾನು ಇರ್ಲಿಲ್ವೇನೋ ಅಲ್ವಾ?”

ಅವರೇ ಅವನಿಗೆ ದಾರಿ ಬಿಟ್ಟುಕೊಟ್ಟಿದ್ದರು. ಚೆಲುವರಾಜು ಆ ದಾರಿ ಹಿಡಿದ.

“ಹೌದಮ್ಮ, ನೀವಿರಲಿಲ್ಲ.”

“ಅದೇ ಅಂದ್ಕೊಂಡೆ.” ಅವರು ತಲೆಯಾಡಿಸಿದರು. ಆಮೇಲೆ ಹುಬ್ಬು ಗಂಟಿಕ್ಕಿ, “ಆದ್ರೆ ಬಾಗಿಲು ಎಂಗೆ ತೆಗೆದ್ರಿ? ಬೀಗದ ಕೈ ನನ್ನ ಸೊಂಟದಲ್ಲೇ ಇರ್ತದಲ್ಲ,” ಎಂದರು.

ಅದರಲ್ಲಿ ಕುಹಕವಿರಲಿಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳಿದ್ದರು. ಮೇಜಿನ ಮೇಲಿದ್ದ ತನ್ನ ಸಹಿಯನ್ನೂ ಚೆಲುವರಾಜುವಿಗೆ ನೋಡಲಾಗಲಿಲ್ಲ.

“ನಾನು ಒಳಗೆ ಬಂದೇ ಇಲ್ಲಮ್ಮ,” ಎಂದ. “ಗೋಡೆ ಆಚೆಯಿಂದ ನೋಡಿದ್ದನ್ನ ಬರೆದೆ. ಈಗ ಹೇಳಿದ್ದೂ ಸುಳ್ಳು.”

ಪುಟ್ಟಲಿಂಗಮ್ಮ ಜೆರಾಕ್ಸನ್ನು ನಾಲ್ಕಾಗಿ ಮಡಿಚಿ ಚೀಲಕ್ಕೆ ಹಾಕಿಕೊಂಡರು. “ನಾನು ಓದಿದೋಳಲ್ಲ. ಸೀಲು ಇದ್ರೆ ನಿಜ ಅಂತಾನೇ ನಂಬ್ತೀನಿ,” ಎಂದಷ್ಟೇ ಹೇಳಿ ಎದ್ದರು.

ಅಂದು ಸಂಜೆಯೇ ಚೆಲುವರಾಜು ಹಿನಕಲ್‌ಗೆ ಹೋದ. ಮೇಷ್ಟ್ರು ಜಗಲಿಯಲ್ಲಿ ಕೂತಿದ್ದರು, ತಂಗಿಯನ್ನೂ ಕರೆಸಿದರು. ಅವನು ಕೂರದೆ, ಶಾಲೆಯಲ್ಲಿ ನಿಂತ ಹಾಗೆ ಕೈಕಟ್ಟಿ ನಿಂತು, ನಡೆದದ್ದನ್ನೆಲ್ಲ ಹೇಳಿದ. ವರದಿಯನ್ನು ವಾಪಸು ಪಡೆಯುತ್ತಿದ್ದೇನೆಂದು ಬರೆದ ಪತ್ರವನ್ನು ಇಬ್ಬರಿಗೂ ಒಂದೊಂದು ಕೊಟ್ಟ.

“ದುಡ್ಡು ಜಾಸ್ತಿ ಆಗುತ್ತೆ ಅಂತ ಒಂದು ಮಾತು ಹೇಳಿದ್ರೆ ನಾನು ಕೊಡ್ತಿರಲಿಲ್ವೇನೋ?” ಮೇಷ್ಟ್ರು ಕೇಳಿದರು.

“ನಿಮ್ಮ ಹತ್ರ ಕೇಳೋಕೆ ನಾಚಿಕೆಯಾಯ್ತು ಮೇಷ್ಟ್ರೇ.”

“ಕೇಳೋಕೆ ನಾಚಿಕೆ. ಸುಳ್ಳು ಬರೆಯೋಕೆ ಆಗಲಿಲ್ವಾ?”

ಮೇಷ್ಟ್ರು ಇನ್ನೂ ಏನೋ ಹೇಳಹೊರಟವರು ತಂಗಿಯ ಮುಖ ನೋಡಿದರು. ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು. ಕೊನೆಗೆ ಯಾರನ್ನೂ ನೋಡದೆ ಹೇಳಿದರು:

“ಅವನೊಬ್ಬನಿಗೇ ಏನು ಹೇಳೋದು. ವರದಿ ನಾನೂ ಓದಿದ್ದೆ ಪುಟ್ಟಿ. ಶೆಡ್ಡು ಅಂತ ಇದ್ದಿದ್ದು ಕಣ್ಣಿಗೆ ಬಿತ್ತು. ನಿನ್ನ ಮನೇಲಿ ಎಷ್ಟು ಸಲ ಊಟ ಮಾಡಿಲ್ಲ ನಾನು! ಬೆಲೆ ಕಡಿಮೆ ಬಂತಲ್ಲ ಅಂತ ಸುಮ್ನೆ ಇದ್ಬುಟ್ಟೆ.”

ಪುಟ್ಟಲಿಂಗಮ್ಮ ಅಣ್ಣನನ್ನೇ ನೋಡುತ್ತ ನಿಂತರು. ಅಳಲಿಲ್ಲ. ಚೆಲುವರಾಜುವಿಗೆ ಅಲ್ಲಿಂದ ಹೊರಟುಹೋಗಬೇಕೆನಿಸಿತು, ಆದರೆ ಈ ಗಳಿಗೆಯನ್ನು ತಂದಿಟ್ಟವನೇ ತಾನಾದ್ದರಿಂದ ಹೋಗಲಾಗಲಿಲ್ಲ.

“ಹೊಸದಾಗಿ ಮಾಡಿಕೊಡ್ತೀನಮ್ಮ,” ಎಂದ. “ಒಂದು ರೂಪಾಯಿನೂ ಬೇಡ. ನನ್ನ ಮೇಲೆ ನಂಬಿಕೆ ಇಲ್ಲದಿದ್ರೆ ಬೇರೆಯವರ ಹೆಸರು ಕೊಡ್ತೀನಿ, ಅವರ ಫೀಸು ನಾನೇ ಕಟ್ತೀನಿ.”

“ಬ್ಯಾಡ. ನೀವೇ ಮಾಡಿ. ಏನು ಮಾಡ್ತೀರಿ, ಎಷ್ಟು ತಗೋತೀರಿ, ಯಾವತ್ತು ಕೊಡ್ತೀರಿ, ಎಲ್ಲಾ ಮೊದಲು ಕಾಗದದಲ್ಲಿ ಬರೀರಿ. ದುಡ್ಡು ಅಣ್ಣ ಅರ್ಧ, ನಾನರ್ಧ ಕೊಡ್ತೀವಿ.” ಪುಟ್ಟಲಿಂಗಮ್ಮನ ದನಿ ಗಟ್ಟಿಯಾಗಿತ್ತು. “ಪುಕ್ಕಟೆ ಮಾಡಿದ್ದು ಎಂಗಿರ್ತದೆ ಅಂತ ನೋಡಿದ್ವಲ್ಲ ಸಾರ್.”

ಅವನು ಅಲ್ಲೇ ಕೂತು ಬರೆದ. ಹನ್ನೆರಡು ಸಾವಿರ ಎಂಬ ಅಂಕಿಯನ್ನು ಬರೆಯುವಾಗ ಕೈ ತಡೆಯಿತು. ಮೇಷ್ಟ್ರು ಓದಿ ಸಹಿ ಹಾಕಿದರು. ಅವರ ತಂಗಿ ಒಂದೊಂದೇ ಅಕ್ಷರ ಕೂಡಿಸಿ ತಮ್ಮ ಹೆಸರು ಬರೆದರು.

ಮರುದಿನ ಬೆಳಿಗ್ಗೆ ಪುಟ್ಟಲಿಂಗಮ್ಮ ಸೊಂಟದಿಂದ ಕೀ ತೆಗೆದು ಬಾಗಿಲು ತೆರೆದರು. ಚೆಲುವರಾಜು ಗೋಡೆಗೋಡೆಯನ್ನೂ ಅಳೆದ. ತಗಡಿನ ಕೆಳಗಿನ ತಾರಸಿಯನ್ನು ಏಣಿ ಹತ್ತಿ ನೋಡಿದ. ಕಟ್ಟಡದ ಬೆಲೆ ಏಳು ಲಕ್ಷ ಎಂಬತ್ತು ಸಾವಿರ ಬಂತು. ಮೇಷ್ಟ್ರು ಒಂದು ರೂಪಾಯಿಯನ್ನೂ ಹಿಡಿಯದೆ ಕೊಟ್ಟರು. ದುಡ್ಡು ಸಾಲದೆ ಮಹಡಿ ಕಟ್ಟುವ ಮಾತನ್ನು ಕೈಬಿಟ್ಟರು. ಒಂಟಿಕೊಪ್ಪಲ್‌ನಲ್ಲಿ ಅಂಗಡಿ ತೆರೆದ ದಿನ ಪುಟ್ಟಲಿಂಗಮ್ಮ ಅಣ್ಣನನ್ನು ಕರೆದರು, ಚೆಲುವರಾಜುವನ್ನು ಕರೆಯಲಿಲ್ಲ.

ಮೇಷ್ಟ್ರು ಈಗಲೂ ಹಬ್ಬಕ್ಕೆ ಫೋನು ಮಾಡುತ್ತಾರೆ. ಆದರೆ ‘ಚೆಲುವ’ ಎನ್ನುವುದಿಲ್ಲ. “ಚೆಲುವರಾಜು ಅವರೇ, ಚೆನ್ನಾಗಿದ್ದೀರಾ?” ಎಂದು ಕೇಳುತ್ತಾರೆ. ಅವನು ಪ್ರತಿ ಸಲವೂ, “ಚೆನ್ನಾಗಿದ್ದೀನಿ ಮೇಷ್ಟ್ರೇ,” ಎಂದು ತಲೆ ತಗ್ಗಿಸಿಕೊಂಡೇ ಹೇಳುತ್ತಾನೆ.