ಬೀಗಿತ್ತಿಯ ಭಾಷೆ

ಮಗಳು ಇಟಾಲಿಯನ್ ಹುಡುಗನನ್ನು ಮದುವೆಯಾಗುತ್ತೇನೆ ಎಂದಾಗ ಕನ್ನಡಕದಮ್ಮ ಎದುರಾಡಲಿಲ್ಲ. ಹುಡುಗ ಆಗಲೇ ಕನ್ನಡ ಕಲಿಯತೊಡಗಿದ್ದ. ಎಲ್ಲಿ ಮರ್ಯಾದೆ ತಪ್ಪುತ್ತದೋ ಎಂಬ ಭಯಕ್ಕೆ "ಬೆಕ್ಕು ಬಂದರು, ಹಾಲು ಕುಡಿದರು" ಎನ್ನುತ್ತಿದ್ದ. ಅಂಥವನನ್ನು ಬೇಡ ಎನ್ನುವುದಾದರೂ ಹೇಗೆ?

ಅವರದು ಕನ್ನಡಕದ ಅಂಗಡಿ. ಬೀದಿಯವರು ಅವರನ್ನು ಕರೆಯುತ್ತಿದ್ದುದೇ ಕನ್ನಡಕದಮ್ಮ ಎಂದು. ಅಂಗಡಿಯ ಒಂದು ಮೂಲೆಯಲ್ಲಿ ಗಂಡ ಗಡಿಯಾರ ರಿಪೇರಿ ಮಾಡುತ್ತಿದ್ದರು. ಮಗಳು, ಅಳಿಯ ಅದೇ ಊರಲ್ಲಿದ್ದರು. ದೂರದ ಇಟಲಿಯಲ್ಲಿದ್ದವರು ಬೀಗರು. ಮದುವೆಯಲ್ಲಿ ಬೀಗಿತ್ತಿಯರಿಬ್ಬರೂ ಕೈ ಹಿಡಿದುಕೊಂಡು, ಮಾತಿಲ್ಲದೆ, ಕೆನ್ನೆ ನೋಯುವಷ್ಟು ನಕ್ಕಿದ್ದರು.

ಮದುವೆಯಾಗಿ ವರ್ಷ ತುಂಬುವ ಮೊದಲೇ ಅಳಿಯನ ತಂದೆ ತೀರಿಕೊಂಡರು. ಕನ್ನಡಕದಮ್ಮ ಬೀಗಿತ್ತಿಗೆ ಫೋನ್ ಮಾಡಿದರು. ಬೀಗಿತ್ತಿಯೊಡನೆ ಮಾತಾಡಲೆಂದು ಇಟಾಲಿಯನ್ ಕಲಿಯತೊಡಗಿದ್ದ ಅವರು ಅಷ್ಟರಲ್ಲಿ ಮೊದಲ ಪುಸ್ತಕ ಮುಗಿಸಿದ್ದರು. ಇದು ಸೇಬು, ಸ್ಟೇಷನ್ ಎಲ್ಲಿದೆ, ನನಗೆ ಹಸಿವಾಗಿದೆ. ಇವುಗಳಲ್ಲಿ ಯಾವುದನ್ನು ಹೇಳುವುದು? ಆ ಕಡೆಯ ಉಸಿರು ಕೇಳಿಸುತ್ತಿತ್ತು. ಇವರೂ ಉಸಿರಾಡುತ್ತ ನಿಂತು, ಕೊನೆಗೆ ಫೋನ್ ಇಟ್ಟು, ಅಡುಗೆಮನೆಗೆ ಹೋಗಿ ಅತ್ತರು.

"ಸೇಬು ಕಲಿತು ಏನು ಬಂತ್ರೀ?" ಎಂದರು ಗಂಡನಿಗೆ.

ಅಳಿಯ ಒಂದು ಉಪಾಯ ಹೇಳಿದ. "ಅತ್ತೆ, ಪುಸ್ತಕ ಸಾಕು. ಟಿವಿ ನೋಡಿ. ಕೆಳಗೆ ಬರೋ ಅಕ್ಷರಾನೂ ಇಟಾಲಿಯನ್ನಲ್ಲೇ ಇರಲಿ. ಒಂದೇ ಕಂತು ಮತ್ತೆ ಮತ್ತೆ ನೋಡಿ."

ಹಾಗೆ ಶುರುವಾಯಿತು ಪೊಲೀಸ್ ಧಾರಾವಾಹಿ. ಬಂದರಿನ ಊರೊಂದರಲ್ಲಿ ಒಬ್ಬ ಹೆಣ್ಣು ಇನ್ಸ್‌ಪೆಕ್ಟರ್, ವಾರಕ್ಕೊಂದು ಹೆಣ. ಪಾತ್ರಗಳು ಮಾತಾಡುವ ರಭಸಕ್ಕೆ ಕನ್ನಡಕದಮ್ಮನಿಗೆ ತಲೆ ಸುತ್ತುತ್ತಿತ್ತು. "ಪಿಯಾನೊ, ಪಿಯಾನೊ" ಎಂದು ಟಿವಿಯನ್ನೇ ಬೇಡಿಕೊಳ್ಳುತ್ತಿದ್ದರು.

"ಅದರಲ್ಲೆಲ್ಲೇ ಬಂತು ಪಿಯಾನೊ?" ಎಂದು ಗಂಡ ಕೇಳಿದರು.

"ನಿಧಾನ ಅಂತ ಅರ್ಥ ಕಣ್ರೀ."

ಒಂದಕ್ಷರ ಗೊತ್ತಿಲ್ಲದಿದ್ದರೂ ಗಂಡ ಪಕ್ಕದಲ್ಲಿ ಕಡಲೆಕಾಯಿ ಬಿಡಿಸುತ್ತ ಕೂತು, ಮೊದಲ ಅರ್ಧದಲ್ಲೇ "ಆ ಗಡ್ಡದವನೇ ಕೊಲೆ ಮಾಡಿರೋದು, ಬೇಕಾದ್ರೆ ನೋಡು" ಎನ್ನುತ್ತಿದ್ದರು. ಹೆಚ್ಚಿನ ಸಲ ಅದು ನಿಜವೂ ಆಗುತ್ತಿತ್ತು.

ಆದರೆ ಕನ್ನಡಕದಮ್ಮನ ಕೈ ಹಿಡಿದದ್ದು ಸಾಕ್ಷ್ಯಚಿತ್ರಗಳು. ಗಂಟೆ ಎರಕ ಹೊಯ್ಯುವವರದೊಂದು, ಸರೋವರದ ಅಂಬಿಗರದೊಂದು. ವಿವರಣೆ ಕೊಡುವವನದು ಊಟವಾದ ಮೇಲೆ ಜಗಲಿಯಲ್ಲಿ ಕೂತು ಮಾತಾಡುವವನ ಧ್ವನಿ. ಅವುಗಳಲ್ಲಿ ಮುದುಕರು ತಮ್ಮ ಹಿಂದಿನ ದಿನಗಳನ್ನು ನೆನೆಯುತ್ತಿದ್ದರು. ಅಪ್ಪ ಹೀಗೆ ಮಾಡುತ್ತಿದ್ದ, ಅಮ್ಮ ಹೀಗೆ ಹಾಡುತ್ತಿದ್ದಳು. ಒಮ್ಮೆ ಆಗಿಹೋದದ್ದಕ್ಕೆ ಒಂದು ಕ್ರಿಯಾಪದ, ದಿನವೂ ಆಗುತ್ತಿದ್ದುದಕ್ಕೆ ಇನ್ನೊಂದು. ಪುಸ್ತಕದಲ್ಲಿ ಕಗ್ಗಂಟಾಗಿದ್ದ ಈ ವ್ಯತ್ಯಾಸ ಆ ಅಂಬಿಗರ ಬಾಯಲ್ಲಿ ಸಲೀಸಾಗಿ ಬಿಚ್ಚಿಕೊಂಡಿತು. "ನಮ್ಮಲ್ಲೂ ಇದೆಯಲ್ರೀ! ಮಾಡಿದ, ಮಾಡ್ತಿದ್ದ!" ಎಂದು ಅವರು ಕೂಗಿದ್ದಕ್ಕೆ ಗಂಡನ ಕೈಯ ಕಡಲೆಕಾಯಿ ಕೆಳಗೆ ಬಿತ್ತು.

ಬೇಸಿಗೆಯಲ್ಲಿ ಬೀಗಿತ್ತಿ ಬಂದರು. ಬಹಳ ಸಣ್ಣಗಾಗಿದ್ದರು. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರಾದ್ದರಿಂದ ಹಗಲೆಲ್ಲ ಅವರು ಕನ್ನಡಕದಮ್ಮನ ಮನೆಯಲ್ಲಿ. ಮೊದಲ ದಿನ ಬೆಳಿಗ್ಗೆ, ಚೆನ್ನಾಗಿ ನಿದ್ದೆ ಬಂತೇ ಎಂದು ಕೇಳಬೇಕಿತ್ತು. ಗಾಬರಿಯಲ್ಲಿ ಇನ್ಸ್‌ಪೆಕ್ಟರಮ್ಮನ ಮಾತೇ ನಾಲಿಗೆಗೆ ಬಂತು: "ನಿನ್ನೆ ರಾತ್ರಿ ಎಲ್ಲಿದ್ದಿರಿ? ಸಾಕ್ಷಿ ಯಾರು?"

ಬೀಗಿತ್ತಿ ಕಾಫಿ ಕಪ್ಪು ಕೆಳಗಿಟ್ಟು ಬೆರಗಾಗಿ ನೋಡಿದರು. ಆಮೇಲೆ ಎರಡೂ ಕೈ ಮೇಲೆತ್ತಿ, ಶರಣಾದ ಕಳ್ಳಿಯಂತೆ ನಿಂತು, ಬಿದ್ದು ಬಿದ್ದು ನಕ್ಕರು.

ಅವರ ಕನ್ನಡಕದ ಒಂದು ಕಡ್ಡಿಯನ್ನು ದಾರದಿಂದ ಕಟ್ಟಿದ್ದುದನ್ನು ಕನ್ನಡಕದಮ್ಮ ಆಗ ಕಂಡರು. ಕೈ ಹಿಡಿದು ಅಂಗಡಿಗೆ ಕರೆದೊಯ್ದು, ಕನ್ನಡಿಯ ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ದಾರ ಬಿಚ್ಚಿ, ಹೊಸ ತಿರುಪು ಹಾಕುತ್ತ, ತಲೆಯೆತ್ತದೆ, ಇಟಾಲಿಯನ್ನಿನಲ್ಲಿ ಒಂದೊಂದೇ ಪದ ಜೋಡಿಸಿ ಕೇಳಿದರು: "ನಿಮ್ಮ ಯಜಮಾನರು... ಹೇಗಿರ್ತಿದ್ರು? ದಿನಾ ಏನೇನು ಮಾಡ್ತಿದ್ರು?"

ತಪ್ಪಾಯಿತೇನೋ ಎಂದು ತಲೆಯೆತ್ತಿದರೆ ಬೀಗಿತ್ತಿಯ ಕಣ್ಣು ತುಂಬಿತ್ತು.

"ಹೇಗೆ ಸತ್ತರು ಅಂತ ಎಲ್ಲರೂ ಕೇಳ್ತಾರೆ," ಎಂದರು ಆಕೆ, ನಿಧಾನವಾಗಿ, ಇವರಿಗೆ ತಿಳಿಯಲೆಂದೇ. "ಹೇಗಿರ್ತಿದ್ರು ಅಂತ ಯಾರೂ ಕೇಳಿಲ್ಲ."

ಆಮೇಲೆ ಮಾತು ಹರಿಯಿತು. ಯಜಮಾನರು ಲಿಫ್ಟ್ ಮೆಕ್ಯಾನಿಕ್ ಆಗಿದ್ದರಂತೆ. ಒಂದು ದಿನ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಹೋಗಿ, ಒಳಗೆ ಸಿಕ್ಕಿಕೊಂಡ ಹುಡುಗಿ ಅಳುತ್ತಿದ್ದಳು. ಹೊರಗೆ ರಿಪೇರಿ ಮಾಡುತ್ತಿದ್ದವನು ಬಾಗಿಲ ಸಂದಿಯಿಂದ ಮಾತಾಡುತ್ತಲೇ ಇದ್ದ. ತನ್ನ ನಾಯಿಯ ಬಗ್ಗೆ, ತನಗೆ ಎತ್ತರ ಕಂಡರೆ ಆಗುವ ಹೆದರಿಕೆಯ ಬಗ್ಗೆ. ಬಾಗಿಲು ತೆರೆಯುವಷ್ಟರಲ್ಲಿ, ಮುಖವನ್ನೇ ಕಾಣದವನನ್ನು ಆ ಹುಡುಗಿ, ಅಂದರೆ ಬೀಗಿತ್ತಿ, ಮೆಚ್ಚಿಬಿಟ್ಟಿದ್ದರು. ಅರ್ಧ ಮಾತಿನಿಂದ, ಅರ್ಧ ಕೈಸನ್ನೆಯಿಂದ ಕನ್ನಡಕದಮ್ಮನಿಗೆ ಎಲ್ಲ ತಿಳಿಯಿತು. ನಿಧಾನ ಎಂದು ಒಮ್ಮೆಯೂ ತಡೆಯಲಿಲ್ಲ. ಮೂಲೆಯಲ್ಲಿ ಗಂಡ ಕೆಲಸ ನಿಲ್ಲಿಸಿ, ಏನೂ ತಿಳಿಯದೆಯೂ ಕಣ್ಣೊರೆಸಿಕೊಂಡರು.

ಸಂಜೆ ಅಮ್ಮನನ್ನು ಕರೆದೊಯ್ಯಲು ಬಂದ ಅಳಿಯ ಮೂವರ ಮುಖ ನೋಡಿ ಹೆದರಿದ. "ಏನಾಯ್ತು ಅತ್ತೆ?"

"ಏನಿಲ್ಲಪ್ಪ. ಲಿಫ್ಟಲ್ಲಿ ನಿಮ್ಮ ಅಪ್ಪ ಸಿಕ್ಕಿದ್ದು ಹೇಳ್ತಿದ್ರು."

"ಯಾವ ಲಿಫ್ಟು?"

ಅವನಿಗೆ ಗೊತ್ತೇ ಇರಲಿಲ್ಲ. ಅಪ್ಪ ಇದ್ದಾಗ ಕೇಳಬೇಕೆಂದು ತೋಚಿರಲಿಲ್ಲ. ಅಪ್ಪ ಹೋದ ಮೇಲೆ ಅಮ್ಮ ನೊಂದಾಳೆಂದು ಅವನು ಅಪ್ಪನ ಮಾತೇ ಎತ್ತಿರಲಿಲ್ಲ. ಮಗ ನೊಂದಾನೆಂದು ಅವರೂ ಎತ್ತಿರಲಿಲ್ಲ. ಅವನು ಚಪ್ಪಲಿಯನ್ನೂ ಬಿಡದೆ ಅಮ್ಮನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ಏನೋ ಕೇಳಿದ. ಅಮ್ಮ ಅವನ ಕೂದಲಲ್ಲಿ ಕೈಯಾಡಿಸುತ್ತ ಮೊದಲಿನಿಂದ ಶುರುಮಾಡಿದರು.

ಈಗ ಅವರ ಮಾತು ತಾಯಿಮಗನ ವೇಗಕ್ಕೆ ಬಿದ್ದಿತ್ತು. ಕನ್ನಡಕದಮ್ಮನಿಗೆ ಒಂದು ಪದವೂ ಹಿಡಿಯಲಾಗಲಿಲ್ಲ. ಅವರು ಸದ್ದಾಗದಂತೆ ಅಂಗಡಿಯ ಅರ್ಧ ಶಟರ್ ಎಳೆದು, ಬಂದ ಗಿರಾಕಿಗೆ ನಾಳೆ ಬನ್ನಿ ಎಂದು ಬಾಗಿಲಲ್ಲೇ ಹೇಳಿ ಕಳಿಸಿದರು.